ಎರಡು ಸಲ ಗುರ್ ಅಂದರೆ

ಮದುವೆಯಾದ ದಿನದಿಂದ ನನ್ನ ಎಡತೋಳು ನನ್ನ ಹೆಂಡತಿಯ ಸುಪರ್ದಿನಲ್ಲಿದೆ. ಇದನ್ನು ದೂರು ಎಂದು ತಿಳಿಯಬೇಡಿ, ಬರಿಯ ವರದಿ. ಮೊಣಕೈಯಿಂದ ತುಸು ಮೇಲೆ, ಅರ್ಧತೋಳಿನ ಅಂಗಿ ಮುಗಿಯುವ ಕಡೆ, ಎರಡು ಬೆರಳಿಗೆ ಸಿಗುವಷ್ಟು ಮೆತ್ತಗಿನ ಜಾಗವೊಂದಿದೆ. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲಿಗೇ ಹೋಗಲಿ, ರತ್ನ ನನ್ನ ಎಡಕ್ಕೇ ಕೂರುತ್ತಾಳೆ. ನಾನು ಮಾತು ಶುರು ಮಾಡುತ್ತೇನೆ, ಅವಳು ಆ ಜಾಗವನ್ನು ಹಿಡಿದುಕೊಳ್ಳುತ್ತಾಳೆ. ನೋಡಿದವರು ಎಂಥ ಅನ್ಯೋನ್ಯ ದಂಪತಿ ಎಂದುಕೊಳ್ಳುತ್ತಾರೆ. ಒಳಗೆ ನಡೆಯುತ್ತಿರುವುದು ಆಡಳಿತ.

ಚಿವುಟುವುದು ಎಂದು ನೀವು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಅನುಭವಸ್ಥನಿಗೆ ಅದರಲ್ಲಿ ಬಗೆಗಳಿವೆ. ಉಗುರು ತಾಗಿಯೂ ತಾಗದ ಹಾಗೆ ಚಿವುಟಿದರೆ ಈ ಕಥೆಯನ್ನು ಇವರಿಗೆ ಹೋದ ಸಲವೇ ಹೇಳಿದ್ದೀರಿ ಎಂದು. ಚಿವುಟಿ ಒಂಚೂರು ತಿರುಚಿದರೆ, ನೀವು ಬೈಯುತ್ತಿರುವ ಮನುಷ್ಯ ಎದುರಿಗೆ ಕೂತವರ ಸ್ವಂತ ಷಡ್ಡಕ, ತಕ್ಷಣ ಮಾತು ಬದಲಿಸಿ ಎಂದು. ಉಗುರಿಲ್ಲದೆ ಅಂಗೈಯಿಂದ ಒತ್ತಿದರೆ, ಇನ್ನು ಸಾಕು, ಎದ್ದೇಳಿ, ಬಸ್ಸು ತಪ್ಪುತ್ತದೆ. ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಬೆಳಗಿಂದ ಸಂಜೆಯವರೆಗೆ ಊರ ಹುಡುಗರನ್ನೆಲ್ಲ ಶ್ ಎಂದು ಸುಮ್ಮನಿರಿಸುವುದು ನನ್ನ ಉದ್ಯೋಗ. ಹಾಗಾಗಿ ದಿನವಿಡೀ ಒಳಗೇ ಉಳಿದ ಮಾತೆಲ್ಲ ಹೊರಗೆ ಹೋದಾಗ ಒಟ್ಟಿಗೆ ಬರುತ್ತದೆ. ನನ್ನನ್ನು ಶ್ ಎನ್ನುವವರೂ ಒಬ್ಬರು ಬೇಕಲ್ಲ.

ಹೀಗೆ ಒಬ್ಬರ ಕೈಯಲ್ಲಿ ಮುಟ್ಟಿಸಿಕೊಂಡು ನೆಮ್ಮದಿಯಾಗಿದ್ದವನನ್ನು ಈಚೆಗೆ ಫೋನೂ ಮುಟ್ಟಲು ಶುರು ಮಾಡಿತು. ಹಳೆಯ ಫೋನನ್ನು ನಾನು ಮುಟ್ಟುತ್ತಿದ್ದೆ, ಅದು ಮುಟ್ಟಿಸಿಕೊಳ್ಳುತ್ತಿತ್ತು, ಸಂಬಂಧ ಅಷ್ಟಕ್ಕೇ ನಿಂತಿತ್ತು. ಮಗಳು ಕೊಡಿಸಿದ ಹೊಸದರಲ್ಲಿ ಹಾಗಲ್ಲ. ಒಂದು ಅಕ್ಷರ ಒತ್ತಿದರೆ ಗಾಜಿನ ಒಳಗಿನಿಂದ ಯಾರೋ ಬೆರಳ ತುದಿಗೆ ಟಿಕ್ ಎಂದು ತಟ್ಟುತ್ತಾರೆ. ಅಳಿಸಿದರೆ ಬೇರೆ ಬಗೆಯ ತಟ್ಟು. ಹೆಬ್ಬೆರಳಿನ ಗುರುತು ಹಿಡಿಯದಿದ್ದರೆ ತಲೆ ಅಲ್ಲಾಡಿಸಿದ ಹಾಗೆ ಬಡಬಡನೆ ನಡುಗಿ, ನೀನು ಯಾರೋ ನನಗೆ ಗೊತ್ತಿಲ್ಲ ಎನ್ನುತ್ತದೆ. ಹಾಗೆ ಅನ್ನಿಸಿಕೊಂಡಾಗಲೆಲ್ಲ ನಾನು ಬೆರಳನ್ನು ಪಂಚೆಗೆ ಒರೆಸಿಕೊಂಡು, ಗುರುತಿನವರ ಮನೆಯ ಬಾಗಿಲಲ್ಲಿ ನಿಂತು ಹೆಸರು ಹೇಳಿಕೊಳ್ಳುವವನಂತೆ ಮತ್ತೆ ಒತ್ತುತ್ತೇನೆ. ಗ್ರಂಥಾಲಯದ ಮರದ ಮೇಜಿನ ಮೇಲೆ ಇಟ್ಟಿದ್ದಾಗ ಕರೆ ಬಂದರೆ ಇಡೀ ಮೇಜೇ ಗುರ್‌ಗುಟ್ಟಿ, ಓದುತ್ತಿದ್ದ ಹುಡುಗಿಯರೆಲ್ಲ ಒಟ್ಟಿಗೆ ತಲೆಯೆತ್ತಿ ನನಗೇ ಶ್ ಎನ್ನುತ್ತಾರೆ.

ನನ್ನ ಮಗಳು ಚೈತ್ರ ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅಲ್ಲೇ ಒಂದು ರೂಮು ಮಾಡಿಕೊಂಡಿದ್ದು, ಶನಿವಾರ ಶನಿವಾರ ಮನೆಗೆ ಬರುತ್ತಾಳೆ. ಅವಳನ್ನು ಕೇಳಿದೆ.

"ಗಾಜಲ್ಲಿ ಗುಂಡಿ ಇಲ್ಲ ಅಲ್ವಾಪ್ಪ? ನೀನು ಒತ್ತಿದ್ದು ಅದಕ್ಕೆ ಗೊತ್ತಾಯ್ತು ಅಂತ ನಿಂಗೆ ಗೊತ್ತಾಗ್ಬೇಕಲ್ಲ, ಅದಕ್ಕೆ ವಾಪಸ್ ತಟ್ಟುತ್ತೆ. ಒಳಗೆ ಒಂದು ಪುಟಾಣಿ ಮೋಟ್ರು ಇರುತ್ತೆ. ಹ್ಯಾಪ್ಟಿಕ್ಸ್ ಅಂತಾರೆ."

ಗೊತ್ತಾಯಿತು ಎಂದು ಗೊತ್ತಾಗುವುದು. ಮಾತು ನನಗೆ ಬಹಳ ಹಿಡಿಸಿತು. ಸಂಸಾರದಲ್ಲಿ ಅರ್ಧ ಜಗಳ ಇದೊಂದು ಇಲ್ಲದ್ದಕ್ಕೇ ಆಗುವುದು. ರತ್ನ ಅಡುಗೆಮನೆಯಿಂದ ಏನೋ ಹೇಳುತ್ತಾಳೆ, ನನಗೆ ಕೇಳಿಸಿರುತ್ತದೆ, ಕೇಳಿಸಿದ್ದು ಅವಳಿಗೆ ಗೊತ್ತಾಗಿರುವುದಿಲ್ಲ. ನನ್ನೊಳಗೂ ಅಂಥದ್ದೊಂದು ಪುಟಾಣಿ ಮೋಟಾರು ಇದ್ದಿದ್ದರೆ ಎಷ್ಟು ಸಂಜೆಗಳು ಚೆನ್ನಾಗಿರುತ್ತಿದ್ದವು.

ಆದರೂ ಒಂದು ಗೊಂದಲ ಹೋಗಲಿಲ್ಲ. ಹಿಂದಿನ ಕಾಲದ ತರ್ಕಪಂಡಿತರು ಸ್ಪರ್ಶವನ್ನು ಗಾಳಿಯ ಲೆಕ್ಕಕ್ಕೆ ಬರೆದಿದ್ದಾರೆ. ಮೂಗು ಮಣ್ಣಿನದು, ನಾಲಗೆ ನೀರಿನದು, ಕಣ್ಣು ಬೆಳಕಿನದು, ಚರ್ಮ ಗಾಳಿಯದು. ಇದನ್ನು ಓದಿದಾಗ ಇಷ್ಟು ಗಟ್ಟಿಯಾದ ಸಂಗತಿಯನ್ನು ತಂದು ಗಾಳಿಗೆ ಕಟ್ಟಿದರಲ್ಲ ಎಂದು ನಗು ಬಂದಿತ್ತು. ಈಗ ಗಾಜಿನ ಮೇಲೆ ಇಲ್ಲದ ಗುಂಡಿಯನ್ನು ಒತ್ತಿ, ಇಲ್ಲದ ಬೆರಳಿನಿಂದ ತಟ್ಟಿಸಿಕೊಳ್ಳುವಾಗ ಆ ಪಂಡಿತರು ಎಲ್ಲೋ ಕೂತು ನನ್ನನ್ನೇ ನೋಡಿ ನಗುತ್ತಿರಬೇಕು. ಅದೂ ಅಲ್ಲದೆ ಕಣ್ಣಿಗೆ ರೆಪ್ಪೆ ಇದೆ, ನಾಲಗೆಗೆ ತುಟಿ ಇದೆ, ಬೇಡವಾದದ್ದನ್ನು ಹೊರಗೇ ನಿಲ್ಲಿಸಬಹುದು. ಚರ್ಮಕ್ಕೆ ಬಾಗಿಲೇ ಇಲ್ಲ. ಯಾರು ಮುಟ್ಟಿದರೂ ಒಳಗೆ ಬಂದೇ ಬಿಡುತ್ತಾರೆ.

ನಮ್ಮ ಸೀಮೆಯ ಜನಕ್ಕೆ ಮುಟ್ಟದೆ ಏನನ್ನೂ ನಂಬುವ ಅಭ್ಯಾಸವಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೋಡಿ, ರೇಷ್ಮೆಗೂಡಿನ ರಾಶಿಯೊಳಗೆ ಕೈಯಿಳಿಸಿ, ಒಂದು ಹಿಡಿ ತೆಗೆದು, ಹಿಸುಕಿ, ಕಿವಿಯ ಹತ್ತಿರ ಅಲ್ಲಾಡಿಸಿದ ಮೇಲೆಯೇ ಮುಂದಿನ ಮಾತು. ನಮ್ಮ ತಾತ ಎತ್ತು ಕೊಳ್ಳಲು ಹೋಗುತ್ತಿದ್ದಾಗ ದಲ್ಲಾಳಿಯ ಕೈಯೂ ಇವರ ಕೈಯೂ ಒಂದೇ ಟವಲಿನ ಕೆಳಗೆ ಸೇರುತ್ತಿದ್ದವು. ಬಾಯಲ್ಲಿ ಮಳೆ ಬೆಳೆ ಮಾತಾಡುತ್ತಿದ್ದರು, ಕೆಳಗೆ ಬೆರಳು ಬೆರಳನ್ನು ಹಿಡಿದು ವ್ಯಾಪಾರ ಮುಗಿಸುತ್ತಿತ್ತು. ರತ್ನ ಬೆಂಡೆಕಾಯಿಯ ತುದಿ ಮುರಿಯದೆ ಕೊಂಡವಳಲ್ಲ. ಹಾಗಿರುವಾಗ ಹೆಣ್ಣು ಕೊಡುವ ಮನೆಯನ್ನು ಮುಟ್ಟಿ ನೋಡದೆ ಬಿಡುತ್ತೇವೆಯೇ? ನಾನು ಹೇಳಹೊರಟ ಸಂಗತಿ ಅದೇ.

ಚೈತ್ರಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗನ ಹೆಸರು ಮಂಜುನಾಥ. ಚಿಂತಾಮಣಿಯಿಂದ ಆಚೆ, ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿ. ಟೊಮ್ಯಾಟೊ, ಮೆಣಸಿನಕಾಯಿ ಸಸಿ ಬೆಳೆಸಿ ಮಾರುವ ನರ್ಸರಿ ನಡೆಸುತ್ತಾನೆ. ಅವರು ನಮ್ಮ ಮನೆಗೆ ಬಂದು ಹೋದರು. ಆಮೇಲೆ ಇವರಿಬ್ಬರೂ ಹೊರಗೆ ಭೇಟಿಯಾಗಿ ಕಾಫಿ ಕುಡಿದು ಮಾತಾಡಿದರು. ಚೈತ್ರ ಮನೆಗೆ ಬಂದು ಬಹಳ ಹೊತ್ತು ತಲೆ ಬಾಚಿಕೊಂಡಳು. ಅವಳು ಯೋಚನೆ ಮಾಡುವುದು ಹಾಗೆ.

"ಇಷ್ಟ ಆಗವ್ರೆ ಅಪ್ಪ," ಎಂದಳು. "ಆದ್ರೆ ಕೆಲ್ಸ ಬಿಡು ಅಂತ ಆ ಮನೇಲಿ ಯಾರಾದ್ರೂ ಅಂದ್ರೆ ನಂಗೆ ಬೇಡ. ಅವ್ರು ಅನ್ನಲ್ಲ, ನಂಗೊತ್ತು. ಮನೆಯೋರು?"

ಇದನ್ನೇ ಕಂಡುಹಿಡಿದುಕೊಂಡು ಬರಬೇಕಾಗಿತ್ತು. ಅವಳು ಆ ಶಾಲೆಯಲ್ಲಿ ಮುರುಕು ಬೀರುವೊಂದನ್ನು ಪ್ರಯೋಗಶಾಲೆ ಮಾಡಿಕೊಂಡಿದ್ದಾಳೆ. ರಜೆಯಲ್ಲಿ ಕೂಡ ಆ ಬೀರುವಿನ ಬೀಗದ ಕೈ ಅವಳ ಚೀಲದಲ್ಲೇ ಇರುತ್ತದೆ. ಅದನ್ನು ಬಿಟ್ಟು ಬಾ ಎಂದರೆ ಮಗಳು ಬದುಕುತ್ತಾಳೆ, ಆದರೆ ಈಗಿರುವ ಮಗಳಾಗಿ ಅಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು, ಹೆದರಿಕೆಯೂ ಇತ್ತು.

ನೇರವಾಗಿ ಕೇಳಬಾರದೇ ಎಂದು ನೀವು ಕೇಳುತ್ತೀರಿ. ನಮ್ಮ ಕಡೆ ಮನೆ ನೋಡಲು ಹೋದವರು ಹಾಗೆಲ್ಲ ಕೇಳುವುದಿಲ್ಲ. ಗಂಡಸರು ಹಾಲಿನಲ್ಲಿ ಕೂತು ಬೋರ್‌ವೆಲ್ಲಿನ ಆಳ ಮಾತಾಡುತ್ತಾರೆ. ಹೆಂಗಸರು ಅಡುಗೆಮನೆ ಸೇರಿ, ಮೆಂತ್ಯದ ಸೊಪ್ಪಿನ ಮಾತಿನಿಂದ ಶುರು ಮಾಡಿ, ಅತ್ತೆ ಎಂಥವಳು, ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನೆಲ್ಲ ಬಿಡಿಸಿಕೊಳ್ಳುತ್ತಾರೆ. ಆಮೇಲೆ ಒಪ್ಪಿಗೆಯನ್ನು ಕೂಡ ಬಾಯಿಬಿಟ್ಟು ಹೇಳುವುದಿಲ್ಲ. ಕಾಫಿ ಯಾರು ಬೇಕಾದರೂ ಕುಡಿಯಬಹುದು, ಅದಕ್ಕೆ ಅರ್ಥವಿಲ್ಲ. ಊಟಕ್ಕೆ ಏಳಿ ಎಂದಾಗ ಎದ್ದು ಕೈ ತೊಳೆದರೆ ಒಪ್ಪಿದ ಹಾಗೆ. ಇನ್ನೊಂದು ದಿನ ಬರುತ್ತೇವೆ ಎಂದು ಚಪ್ಪಲಿ ಮೆಟ್ಟಿದರೆ ಆ ಇನ್ನೊಂದು ದಿನ ಬರುವುದಿಲ್ಲ ಎಂದು ಎರಡೂ ಕಡೆಯವರಿಗೆ ಗೊತ್ತು. ಯಾರ ಮನಸ್ಸಿಗೂ ನೋವಾಗದಿರಲಿ ಎಂದು ದೊಡ್ಡವರು ಮಾಡಿದ ಏರ್ಪಾಡು.

ತೊಂದರೆ ಇರುವುದು ದೂರದಲ್ಲಿ. ವಿಷಯ ಗೊತ್ತಾಗುವುದು ಅಡುಗೆಮನೆಯಲ್ಲಿರುವ ರತ್ನಳಿಗೆ, ಕೈ ತೊಳೆಯಬೇಕಾದವನು ಹಾಲಿನಲ್ಲಿರುವ ನಾನು. ನಡುವೆ ಒಂದು ಗೋಡೆ. ನನ್ನ ಎಡತೋಳು ಅಷ್ಟು ಉದ್ದವಿಲ್ಲ.

ಇದಕ್ಕೆ ಚೈತ್ರಳೇ ಒಂದು ಉಪಾಯ ತಂದಳು. ಕೈಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ, ಗಡಿಯಾರದ ತಮ್ಮನ ಹಾಗಿತ್ತು. ಫೋನಿಗೆ ಬಂದದ್ದನ್ನು ಅದು ಮಣಿಕಟ್ಟಿಗೆ ಗುರ್ ಎಂದು ತಿಳಿಸುತ್ತದೆ. ಎಡಗೈಯಲ್ಲಿ ನನ್ನ ಮದುವೆಯ ವಾಚು ಇದ್ದುದರಿಂದ ಬಲಗೈಗೆ ಕಟ್ಟಿದಳು. "ಅಮ್ಮನ ಮೆಸೇಜ್ ಬಿಟ್ಟು ಬೇರೆ ಎಲ್ಲಾ ಆಫ್ ಮಾಡಿದೀನಿ. ಅಮ್ಮ ಒಂದು ಚುಕ್ಕಿ ಕಳ್ಸಿದ್ರೆ ಒಂದು ಸಲ ಗುರ್ ಅನ್ನುತ್ತೆ. ಗಲಾಟೆ ಇಲ್ಲ, ಯಾರಿಗೂ ಕಾಣಲ್ಲ."

ಮೂವರೂ ಕೂತು ಒಪ್ಪಂದ ಮಾಡಿಕೊಂಡೆವು. ಒಂದು ಸಲ ಗುರ್ ಅಂದರೆ ಮಾತು ನಿಲ್ಲಿಸಿ. ಎರಡು ಸಲ ಅಂದರೆ ಇದು ನಮಗಾಗುವುದಿಲ್ಲ, ಎದ್ದು ಹೊರಡಿ. ಮೂರು ಸಲ ಅಂದರೆ ಮನೆ ಒಳ್ಳೆಯದು, ಕೈ ತೊಳೆಯಿರಿ. ಮನೆಯಲ್ಲೇ ಅಭ್ಯಾಸವೂ ನಡೆಯಿತು. ರತ್ನ ಒಳಗೆ, ನಾನು ಹೊರಗೆ. ಒಂದು ಸಲ ಗುರ್ ಎಂದಿತು, ನಾನು ಬಾಯಿ ಮುಚ್ಚಿ ಶಿಸ್ತಾಗಿ ಕೂತೆ. ಬಹಳ ಹೊತ್ತಿನ ಮೇಲೆ ರತ್ನ ಸೌಟು ಹಿಡಿದು ಬಂದು, "ರೀ, ಕರಿಬೇವು ತನ್ನಿ ಅಂತ ಮೆಸೇಜ್ ಹಾಕಿ ಎಷ್ಟೊತ್ತಾಯ್ತು!" ಎಂದಳು. ಎರಡು ಸಲ ಎಂದಾಗ ಅದು ಎರಡೋ ಅಥವಾ ಒಂದಾದ ಮೇಲೆ ಇನ್ನೊಂದು ಒಂದೋ ಎಂಬ ಪ್ರಶ್ನೆ ಎದ್ದಿತು. ಚಿವುಟಿನಲ್ಲಿ ಇಂಥ ಅನುಮಾನಗಳು ಯಾವತ್ತೂ ಬಂದದ್ದಿಲ್ಲ. ಚಿವುಟಿಗೆ ಕೋಪ ಎಷ್ಟಿದೆ, ಅವಸರ ಎಷ್ಟಿದೆ, ಹೋಗಲಿ ಪಾಪ ಎನ್ನುವುದು ಎಷ್ಟಿದೆ, ಎಲ್ಲವೂ ಒಟ್ಟಿಗೇ ಬರುತ್ತಿತ್ತು. ಪಟ್ಟಿಯ ಗುರ್‌ಗೆ ಮುಖವೇ ಇರಲಿಲ್ಲ. ಸಿಟ್ಟಿನ ಗುರ್ರೂ ಪ್ರೀತಿಯ ಗುರ್ರೂ ಒಂದೇ ತೂಕ.

ಭಾನುವಾರ ಹೊರಟೆವು. ರತ್ನಳ ತಮ್ಮ ಸುರೇಶ ಕಾರು ಓಡಿಸಿದ. ಹುಡುಗಿಯ ಸೋದರಮಾವ ಇಲ್ಲದೆ ಮನೆ ನೋಡುವುದು ಉಂಟೇ. ಚೈತ್ರ ಮನೆಯಲ್ಲೇ ಉಳಿದಳು. ಶಿಡ್ಲಘಟ್ಟ ದಾಟುವ ತನಕ ರತ್ನ ನನಗೆ ಏನೇನು ಮಾತಾಡಬಾರದು ಎಂದು ಹೇಳಿಕೊಟ್ಟಳು. ಚಿಂತಾಮಣಿ ಬರುವ ಹೊತ್ತಿಗೆ ಮಾತಾಡಬಹುದಾದದ್ದು ಏನೂ ಉಳಿದಿರಲಿಲ್ಲ.

ಹುಡುಗನ ತಂದೆ ನಾರಾಯಣಪ್ಪನವರು ಬಾಗಿಲಿಗೇ ಬಂದು, "ಬರ್ರಿ ಸಾರ್, ಬರ್ರಿ ಸಾರ್," ಎಂದು ಕರೆದುಕೊಂಡು ಹೋದರು. ಗಟ್ಟಿ ದನಿ, ದೊಡ್ಡ ಮೀಸೆ. ಹಾಲಿನಲ್ಲಿ ಮೂರಾಳು ಕೂರುವ ಸೋಫಾದ ನಡುವೆ ನನ್ನನ್ನು ಕೂರಿಸಿದರು. ಸೋಫಾ ಎಷ್ಟು ಮೆತ್ತಗಿತ್ತು ಎಂದರೆ ಕೂತವನು ಅದರೊಳಗೆ ಇಳಿದೇ ಹೋದೆ. ರತ್ನಳನ್ನು ಹುಡುಗನ ತಾಯಿ ಲಕ್ಷ್ಮಮ್ಮನವರು ಒಳಗೆ ಕರೆದೊಯ್ದರು. ಅಲ್ಲಿ ಮಂಜುನಾಥನ ಅಜ್ಜಿ ಕೂಡ ಇದ್ದರು. ಕಣ್ಣು ಅಷ್ಟಾಗಿ ಕಾಣದು, ಮಾತಿನಲ್ಲಿ ಅರ್ಧ ತೆಲುಗು. "ರಾಮ್ಮಾ, ನನ್ ಪಕ್ಕದಾಗೇ ಕೂತ್ಕೋ," ಎಂದು ರತ್ನಳನ್ನು ಬರಮಾಡಿಕೊಂಡದ್ದು ಹಾಲಿಗೂ ಕೇಳಿಸಿತು. ಒಬ್ಬಟ್ಟಿನ ಸಾರಿನ ಘಮವೂ ಅಲ್ಲಿಂದಲೇ ಬಂದಿತು.

ಕಾಫಿ ಆಯಿತು. ಬೋರ್‌ವೆಲ್ ಆಯಿತು. ಟೊಮ್ಯಾಟೊ ರೇಟು, ರಸ್ತೆ ಅಗಲ ಮಾಡಿದ್ದು, ಸುರೇಶನ ಕಾರಿನ ಮೈಲೇಜು, ಎಲ್ಲ ಆಯಿತು. ನಾನು ಹೆಚ್ಚು ಮಾತಾಡಲಿಲ್ಲ. ನನ್ನ ಗಮನವೆಲ್ಲ ಬಲಗೈಯ ಮಣಿಕಟ್ಟಿನಲ್ಲಿತ್ತು. ಇಂಥ ಹೊತ್ತಿನಲ್ಲಿ ಮೈಯಲ್ಲಿ ಎಷ್ಟು ಕಡೆ ಏನೇನು ಮಿಸುಕುತ್ತದೆ ಎಂಬುದು ನಿಮಗೆ ಗೊತ್ತೇ? ಮೊಣಕಾಲಿನ ಹತ್ತಿರ ಒಂದು ನರ ತನ್ನಷ್ಟಕ್ಕೆ ಹಾರುತ್ತಿತ್ತು. ಹೊರಗೆ ಯಾರೋ ಪಂಪು ಹಾಕಿದ್ದರು, ಅದರ ನಡುಕ ನೆಲದಿಂದ ಅಂಗಾಲಿಗೆ ಬರುತ್ತಿತ್ತು. ಟೀಪಾಯಿಯ ಮೇಲೆ ನಾರಾಯಣಪ್ಪನವರ ಫೋನು ಗುರ್ ಎಂದು ಕಾಫಿ ಲೋಟದ ಕಡೆಗೆ ತೆವಳಿತು. ಎಲ್ಲವೂ ರತ್ನಳೇ ಇರಬಹುದು ಅನ್ನಿಸತೊಡಗಿತು. ರತ್ನ ಮಾತ್ರ ಏನೂ ಹೇಳಲಿಲ್ಲ. ಒಂದು ಗಂಟೆಯ ಹತ್ತಿರ ಆಯಿತು, ಒಂದು ಚುಕ್ಕಿ ಇಲ್ಲ.

ಆಗ ಪಟ್ಟಿ ಗುರ್ ಎಂದಿತು. ತಡೆದು, ಮತ್ತೆ ಗುರ್.

ಎರಡು. ನಾನು ಮೂರನೆಯದಕ್ಕೆ ಕಾದೆ. ಬರಲಿಲ್ಲ. ಹುಡುಗ ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಸಸಿಯ ಮಣ್ಣಿತ್ತು, ಎಷ್ಟು ತೊಳೆದುಕೊಂಡಿದ್ದನೋ. ಅವನು ನನಗೆ ಇಷ್ಟವಾಗಿಬಿಟ್ಟಿದ್ದ. ಮನೆಯಲ್ಲಿ ಚೈತ್ರ ತಲೆ ಬಾಚಿಕೊಳ್ಳುತ್ತಾ ಕಾಯುತ್ತಿರುತ್ತಾಳೆ. ಆದರೆ ರತ್ನ ಒಳಗೆ ಏನೋ ಕೇಳಿದ್ದಾಳೆ. ಅವಳು ಎರಡು ಎಂದ ಮೇಲೆ ಎರಡು. ಮೂವತ್ತು ವರ್ಷದ ಅಭ್ಯಾಸ, ಮೈ ನನ್ನನ್ನು ಕೇಳದೆ ಏಳತೊಡಗಿತು.

ಆ ಸೋಫಾದಿಂದ ಏಳುವುದು ಸುಲಭವಾಗಿರಲಿಲ್ಲ. ಎರಡೂ ಕೈ ಊರಿ, ಮುಂದಕ್ಕೆ ಬಾಗಿ, ಅರ್ಧ ಎದ್ದೆ. ನಾರಾಯಣಪ್ಪನವರು ನನ್ನನ್ನು ನೋಡಿದರು. ಮೀಸೆಯ ಕೆಳಗಿನ ಮುಖವೆಲ್ಲ ಅರಳಿತು. "ಏಯ್, ಬೀಗರು ಎದ್ರು! ಎಲೆ ಹಾಕ್ರಮ್ಮಾ!" ಎಂದು ಒಳಕ್ಕೆ ಕೂಗಿದರು. ಅಷ್ಟು ಹೊತ್ತು ಸಾರ್ ಆಗಿದ್ದವನು ಒಂದೇ ಏಟಿಗೆ ಬೀಗನಾಗಿಬಿಟ್ಟೆ. ಮಂಜುನಾಥ ತಟ್ಟನೆ ಎದ್ದು ಚೊಂಬು ತರಲು ಓಡಿದ. ಸುರೇಶ ಸಂತೋಷದಿಂದ ಬೆಲ್ಟು ಸಡಿಲಿಸಿಕೊಂಡ.

ಈಗ ನನ್ನ ಸ್ಥಿತಿ ನೋಡಿ. ಹೋಗಲು ಎದ್ದವನನ್ನು ಉಣ್ಣಲು ಎದ್ದವನೆಂದು ತಿಳಿದಿದ್ದಾರೆ. ಪೂರ್ತಿ ಎದ್ದರೆ ಮಗಳನ್ನು ಕೊಟ್ಟ ಹಾಗೆ. ಚಪ್ಪಲಿಯ ಕಡೆ ತಿರುಗಿದರೆ ಎಲೆ ಹಾಕಿದ ಮನೆಯಿಂದ ಎದ್ದು ಹೋದ ಹಾಗೆ, ಅದಕ್ಕಿಂತ ದೊಡ್ಡ ಅವಮಾನ ನಮ್ಮ ಕಡೆ ಇಲ್ಲ. ಕೂತರೆ ಇವನಿಗೇನೋ ಸೊಂಟ ಹಿಡಿದಿದೆ ಎಂದುಕೊಳ್ಳುತ್ತಾರೆ. ನಾನು ಕೂತೂ ಇರದೆ, ನಿಂತೂ ಇರದೆ, ತೂಗುಗತ್ತಿಯ ಹಾಗೆ ನಡುವೆ ನಿಂತೆ. ಎಡತೋಳು ಖಾಲಿಯಾಗಿತ್ತು. ಯಾರೂ ಹಿಡಿದಿರಲಿಲ್ಲ. ಆ ಕ್ಷಣ ನನಗೆ ಹೊಳೆದದ್ದು ನಾಚಿಕೆಯ ಸಂಗತಿ: ನನಗೆ ಯಾವುದರಲ್ಲಿಯೂ ನನ್ನದೇ ಆದ ಅಭಿಪ್ರಾಯ ಇರುವ ಅಭ್ಯಾಸವೇ ತಪ್ಪಿಹೋಗಿತ್ತು. ಯಾವಾಗಲೂ ತೋಳು ಹೇಳಿದಂತೆ ನಡೆದವನು.

ಆದರೂ ಒಂದು ಮಾತ್ರ ಗೊತ್ತಿತ್ತು. ಮಗಳ ಚೀಲದಲ್ಲಿರುವ ಆ ಬೀಗದ ಕೈ.

"ಸ್ವಾಮಿ," ಎಂದೆ. ದನಿ ನನಗೇ ವಿಚಿತ್ರವಾಗಿ ಕೇಳಿಸಿತು. "ನಮ್ ಹುಡುಗಿ ಸ್ಕೂಲಿಗೆ ಹೋಗ್ತಾಳೆ. ಅವಳಿಗೆ ಅದು ಬಿಟ್ರೆ ಆಗಲ್ಲ. ಮದುವೆ ಆದ್ಮೇಲೆ ಬಿಡಿಸ್ತೀರಾ?"

ಸುರೇಶ ಸಡಿಲಿಸಿದ ಬೆಲ್ಟನ್ನು ಮತ್ತೆ ಬಿಗಿಮಾಡಿಕೊಂಡ. ಹಾಗೆ ನಡುಹಾಲಿನಲ್ಲಿ ಕೇಳುವ ಮಾತಲ್ಲ ಅದು. ನಾರಾಯಣಪ್ಪನವರು ಮೀಸೆಯ ಮೇಲೆ ಕೈಯಿಟ್ಟುಕೊಂಡರು. ಚೊಂಬು ಹಿಡಿದ ಮಂಜುನಾಥ ಅಲ್ಲೇ ನಿಂತ.

ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ಲಕ್ಷ್ಮಮ್ಮನವರು ಬಾಳೆಲೆಯ ಕಟ್ಟು ಹಿಡಿದುಕೊಂಡು ನಿಂತಿದ್ದರು.

"ನಾನೂ ಟೀಚರ್ ಟ್ರೈನಿಂಗ್ ಮುಗ್ಸಿದ್ದೆ ಅಣ್ಣ," ಎಂದರು. "ನಮ್ಮಪ್ಪನೂ ಇದೇ ಹಾಲ್‌ನಲ್ಲಿ ಕೂತು ಕಾಫಿ ಕುಡಿದ್ರು. ಮಳೆ ಬೆಳೆ ಎಲ್ಲಾ ಕೇಳಿದ್ರು. ಇದೊಂದು ಕೇಳ್ಲಿಲ್ಲ. ಕೈ ತೊಳ್ಕೊಂಡು ಊಟ ಮಾಡಿ ಹೋದ್ರು." ಅವರು ಗಂಡನ ಕಡೆ ನೋಡಲಿಲ್ಲ, ಎಲೆಯ ಕಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನಿಮ್ ಹುಡುಗೀನ ಯಾರೂ ಬಿಡ್ಸಲ್ಲ. ನಾನು ಇರೋ ತನಕ ಬಿಡ್ಸೋಕೆ ಬಿಡಲ್ಲ."

ನಾರಾಯಣಪ್ಪನವರು ಮೀಸೆಯಿಂದ ಕೈ ತೆಗೆದರು. ಆಮೇಲೆ ಅಷ್ಟು ಗಟ್ಟಿ ದನಿಯ ಮನುಷ್ಯ, ಮೆಲ್ಲಗೆ, "ಅವ್ಳು ಹೇಳ್ದಂಗೆ," ಎಂದರು. ಅದಕ್ಕಿಂತ ಹೆಚ್ಚು ಹೇಳುವುದು ಅವರಿಗೂ ಅಭ್ಯಾಸವಿರಲಿಲ್ಲ ಎಂದು ಕಾಣುತ್ತದೆ.

ಅಷ್ಟರಲ್ಲಿ ರತ್ನಳೂ ಬಾಗಿಲಿಗೆ ಬಂದಿದ್ದಳು. ಒಬ್ಬಳೇ ಅಲ್ಲ. ಅಜ್ಜಿ ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಕಣ್ಣಿಗೆ ಕಾಣದ್ದರಿಂದ ಬಂದ ಘಳಿಗೆಯಿಂದ ಆ ಕೈಯನ್ನು ಬಿಟ್ಟೇ ಇರಲಿಲ್ಲವಂತೆ. ಬೆರಳು, ಬಳೆ, ಗಂಟು ಎಲ್ಲವನ್ನೂ ಸವರಿ, "ಕೆಲ್ಸ ಮಾಡೋ ಕೈ ಅಮ್ಮಾ, ಬಂಗಾರಂ," ಎನ್ನುತ್ತಿದ್ದರಂತೆ. ಹುಡುಗಿಯ ತಾಯಿಯ ಕೈಯಿಂದ ಹುಡುಗಿಯನ್ನು ಓದುತ್ತಿದ್ದರೋ ಏನೋ. ಫೋನು ಸೀರೆಯ ಸೊಂಟದಲ್ಲೇ ಇತ್ತು. ರತ್ನ ಅದನ್ನು ಮುಟ್ಟಿರಲೇ ಇಲ್ಲ.

ಹಾಗಾದರೆ ಎರಡು ಸಲ ಗುರ್ ಎಂದವರು ಯಾರು?

ಇದು ತಿಳಿದದ್ದು ಕೈ ತೊಳೆಯುವಾಗ. ಮಂಜುನಾಥ ನನ್ನ ಕೈಗೆ ನೀರು ಹಾಕುತ್ತಾ, ಪಟ್ಟಿಯ ಪುಟ್ಟ ಗಾಜಿನಲ್ಲಿ ಇನ್ನೂ ನಿಂತಿದ್ದ ಚಿತ್ರವನ್ನು ಬಗ್ಗಿ ನೋಡಿದ. "ಅಂಕಲ್... ಅಲ್ಲ, ಮಾವ," ಎಂದ. ಕಿವಿ ಕೆಂಪಾಗಿತ್ತು. "ತುಂಬಾ ಹೊತ್ತಿಂದ ಕೂತಿದ್ದೀರ, ಎದ್ದು ಸ್ವಲ್ಪ ಓಡಾಡಿ ಅಂತ ಹೇಳ್ತಿದೆ ಇದು. ಆರೋಗ್ಯಕ್ಕೆ."

ಚೈತ್ರ ಎಲ್ಲವನ್ನೂ ಆಫ್ ಮಾಡಿದ್ದಳು, ನನ್ನ ಆರೋಗ್ಯವೊಂದನ್ನು ಮರೆತಿದ್ದಳು. ಎಲ್ಲಿಯೋ ಯಾವುದೋ ಊರಿನಲ್ಲಿ ಕೂತು ಆ ಪಟ್ಟಿಯನ್ನು ಮಾಡಿದವರಿಗೆ ನನ್ನ ಸೊಂಟದ ಬಗ್ಗೆ ಕಾಳಜಿ ಇತ್ತು. ನಮ್ಮ ಕಡೆ ಮನೆ ನೋಡಲು ಹೋದವನು ಹೊತ್ತಲ್ಲದ ಹೊತ್ತಿನಲ್ಲಿ ಏಳಬಾರದು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಕೋಪ ಮಾಡಿಕೊಳ್ಳಬೇಕೋ, ಕೈ ಮುಗಿಯಬೇಕೋ ತಿಳಿಯದೆ, ಎಲೆಯ ಮುಂದೆ ಕೂತು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡೆ. ಒಂದಿಷ್ಟು ಪಟ್ಟಿಯ ಮೇಲೂ ಬಿತ್ತು. ಅದು ಏನೂ ಅನ್ನಲಿಲ್ಲ.

ನನ್ನ ಗೊಂದಲ ಇವತ್ತಿಗೂ ಬಗೆಹರಿದಿಲ್ಲ. ಆ ಪಟ್ಟಿ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ಅಜ್ಜಿ ಎಂದಾದರೂ ಕೈ ಬಿಡುತ್ತಿದ್ದರು, ರತ್ನ ಮೂರು ಚುಕ್ಕಿ ಕಳಿಸುತ್ತಿದ್ದಳು, ನಾನು ಗಂಭೀರವಾಗಿ ಎದ್ದು ಕೈ ತೊಳೆಯುತ್ತಿದ್ದೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಲಕ್ಷ್ಮಮ್ಮನವರ ಮಾತು ಮಾತ್ರ ಅವರ ಗಂಟಲಲ್ಲೇ ಉಳಿಯುತ್ತಿತ್ತು. ಅವರ ತಂದೆಯೂ ಹೀಗೆಯೇ ಸರಿಯಾಗಿ ಎದ್ದು ಕೈ ತೊಳೆದುಕೊಂಡಿದ್ದರಲ್ಲ. ಮುಟ್ಟಿಯೇ ತಿಳಿಯಬೇಕಾದದ್ದು ಯಾವುದು, ಬಾಯಿಬಿಟ್ಟು ಕೇಳಲೇಬೇಕಾದದ್ದು ಯಾವುದು ಎಂದು ವಿಂಗಡಿಸಲು ಹೊರಟರೆ ನನ್ನ ಗ್ರಂಥಾಲಯದಲ್ಲಿ ಅದಕ್ಕೊಂದು ಕಪಾಟು ಸಿಗುವುದಿಲ್ಲ.

ಸಂಜೆ ಹಿಂದಿರುಗುವಾಗ ಚಿಂತಾಮಣಿಯ ಹತ್ತಿರ ಚೈತ್ರಳಿಗೆ ಫೋನು ಮಾಡಿದೆ. "ಕೈ ತೊಳೆದ್ವಮ್ಮ," ಎಂದೆ. "ಸ್ಕೂಲು?" ಎಂದಳು. "ಕೇಳ್ದೆ," ಎಂದೆ. "ನೀನಾ? ನೀನೇ ಕೇಳಿದ್ಯಾ?" "ಹೂಂ, ನಾನೇ." ಅವಳು ನಕ್ಕಳೋ ಅತ್ತಳೋ ಫೋನಿನಲ್ಲಿ ಗೊತ್ತಾಗುವುದಿಲ್ಲ. ಅಷ್ಟು ಸೂಕ್ಷ್ಮದ ಮೋಟಾರನ್ನು ಇನ್ನೂ ಯಾರೂ ಮಾಡಿಲ್ಲ.

ಫೋನು ಕೆಳಗಿಟ್ಟೆ. ಹಿಂದಿನ ಸೀಟಿನಲ್ಲಿ ರತ್ನ ಎಂದಿನಂತೆ ನನ್ನ ಎಡಕ್ಕೆ ಕೂತಿದ್ದಳು. ನಡುಹಾಲಿನಲ್ಲಿ ಹಾಗೆ ಕೇಳಿದ್ದಕ್ಕೆ ಈಗ ಬೀಳುತ್ತದೆ ಎಂದು ತೋಳನ್ನು ಸಿದ್ಧಮಾಡಿಕೊಂಡೆ. ಅವಳ ಕೈ ಬಂದು ಅದೇ ಜಾಗದಲ್ಲಿ ಕೂತಿತು. ಚಿವುಟಲಿಲ್ಲ, ತಿರುಚಲಿಲ್ಲ. ಅಂಗೈಯಿಂದ ಒತ್ತಿ ಹಾಗೆಯೇ ಇಟ್ಟುಕೊಂಡಳು. ನಮ್ಮ ಲೆಕ್ಕದಲ್ಲಿ ಅದಕ್ಕೆ ಎದ್ದು ಹೊರಡೋಣ ಎಂದು ಅರ್ಥ. ಹೊರಟಾಗಿತ್ತಲ್ಲ, ಕಾರು ಆಗಲೇ ಶಿಡ್ಲಘಟ್ಟದ ರಸ್ತೆಯಲ್ಲಿತ್ತು.

"ಏನು?" ಎಂದು ಕೇಳಿದೆ.

"ಏನಿಲ್ಲ. ಸುಮ್ನೆ ಕೂತ್ಕೊಳ್ರಿ," ಎಂದಳು, ಕಿಟಕಿಯ ಕಡೆಗೇ ನೋಡುತ್ತಾ.

ಅಷ್ಟು ಹೊತ್ತಿಗೆ ಬಲಗೈಯಲ್ಲಿ ಪಟ್ಟಿ ಗುರ್ ಎಂದಿತು. ತಡೆದು, ಮತ್ತೆ ಗುರ್. ಬಹಳ ಹೊತ್ತಾಯಿತು ಕೂತು, ಏಳಿ, ಏಳಿ ಎನ್ನುತ್ತಿತ್ತು. ಎಡತೋಳಿನ ಮೇಲಿನ ಕೈ ಹಾಗೆಯೇ ಇತ್ತು. ನಾನು ಏಳಲಿಲ್ಲ.